ಹಳೇ ಬೈಕ್ ಎಂಜಿನ್ ಹುಟ್ಟಿದ ವರ್ಷ ಅದರ ನಂಬರ್‌ನಲ್ಲೇ ಇದೆಯೇ? ಫಾರ್ವರ್ಡ್ ಹೇಳುವುದೊಂದು, ಲೋಹ ಹೇಳುವುದು ಇನ್ನೊಂದು

‘ನಿಮ್ಮ ಮನೆಯಲ್ಲಿ ಹಳೇ ಜಾವಾ, ಯೆಜ್ಡಿ, ಬುಲೆಟ್ ಇದೆಯಾ? ಎಂಜಿನ್ ನಂಬರ್‌ನ ಮೊದಲ ಎರಡು ಅಂಕಿ ನೋಡಿ. ಅದೇ ಅದು ತಯಾರಾದ ವರ್ಷ. 50 ವರ್ಷ ದಾಟಿದ್ದರೆ ಲಕ್ಷ ಲಕ್ಷ ಬೆಲೆ! ಎಲ್ಲರಿಗೂ ಶೇರ್ ಮಾಡಿ.’

ಇಂಥ ಸಂದೇಶಗಳು ಬೈಕ್ ಪ್ರಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಓದಿದವರು ಮನೆಯ ಹಿಂದೆ ಟಾರ್ಪಾಲ್ ಮುಚ್ಚಿ ನಿಲ್ಲಿಸಿರುವ ತಾತನ ಗಾಡಿಯತ್ತ ಓಡುತ್ತಾರೆ. ಗ್ರೀಸ್ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನಂಬರ್ ಓದುತ್ತಾರೆ. ಅದು 65ರಿಂದ ಶುರುವಾಗಿದ್ದರೆ ‘1965ರ ಗಾಡಿ’ ಎಂದು ಖುಷಿಪಡುತ್ತಾರೆ. 92ರಿಂದ ಶುರುವಾಗಿದ್ದರೆ ಸಪ್ಪಗಾಗುತ್ತಾರೆ. ಎರಡೂ ಅನಗತ್ಯ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಎಲ್ಲ ಹಳೇ ಬೈಕ್‌ಗಳಿಗೂ ಒಪ್ಪುವ ಇಂಥ ಸೂತ್ರ ಯಾವುದೂ ಇಲ್ಲ. ಎಂಜಿನ್‌ನ ವಯಸ್ಸು ತಿಳಿಯಲು ಮೂರು ಸಾಕ್ಷಿಗಳು ಬೇಕು. ಮೊದಲನೆಯದು ನಂಬರ್, ಎರಡನೆಯದು ಲೋಹ ಮತ್ತು ಬಿಡಿಭಾಗಗಳು, ಮೂರನೆಯದು ಕಾಗದಪತ್ರ. ಮೂರೂ ಒಂದೇ ಮಾತು ಹೇಳಿದರೆ ನಂಬಬಹುದು. ಒಂದು ಮಾತ್ರ ಹೇಳಿದರೆ ಅದು ಬರೀ ಊಹೆ.

ಇದರಿಂದ ಯಾರಿಗೆ ನಷ್ಟ?

‘ವರ್ಷ ಸ್ವಲ್ಪ ಹೆಚ್ಚು ಕಡಿಮೆ ಆದರೆ ಏನಾಯ್ತು’ ಎಂದು ಕೇಳಬಹುದು. ನೀವು ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲೋ ಸುಂಕದಕಟ್ಟೆಯಲ್ಲೋ ಒಂದು ಹಳೇ ಬೈಕ್ ನೋಡಲು ಹೋಗಿದ್ದೀರಿ ಎಂದುಕೊಳ್ಳಿ. ಮಾರುವವರು ‘ಸಾರ್, ಇದು 1968ರ ಒರಿಜಿನಲ್ ಜಾವಾ, ಎಂಜಿನ್ ನಂಬರ್ ನೋಡಿ’ ಎನ್ನುತ್ತಾರೆ. ಅದೇ ರೂಪದ 1985ರ ಬೈಕಿಗಿಂತ 1968ರ ಬೈಕಿಗೆ ಬೆಲೆ ಹೆಚ್ಚು. ಆ ಹೆಚ್ಚುವರಿ ಹಣವನ್ನು ನೀವು ಕೊಡುತ್ತಿರುವುದು ವಯಸ್ಸಿಗೆ. ಆ ವಯಸ್ಸೇ ಸುಳ್ಳಾದರೆ ಹಣ ಹೋಯಿತು.

ಹಣಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎಂಜಿನ್ ಮೇಲಿನ ನಂಬರ್ ಆರ್‌ಸಿಯಲ್ಲಿ ಇರುವ ನಂಬರ್‌ಗೆ ಹೊಂದದಿದ್ದರೆ, ಅಥವಾ ನಂಬರನ್ನು ಉಜ್ಜಿ ಮತ್ತೆ ಗುದ್ದಿದ್ದರೆ, ಅದು ಕದ್ದ ಗಾಡಿಯ ಎಂಜಿನ್ ಆಗಿರುವ ಸಾಧ್ಯತೆಯನ್ನು ಪೊಲೀಸರು ಮೊದಲು ಪರಿಶೀಲಿಸುತ್ತಾರೆ. ಆಗ ಠಾಣೆಗೆ ಅಲೆಯುವವರು ಮಾರಿದವರಲ್ಲ, ಗಾಡಿ ಕೈಯಲ್ಲಿಟ್ಟುಕೊಂಡಿರುವ ನೀವು. ಅಪಘಾತವಾದರೆ ವಿಮೆ ಕಂಪನಿಯವರೂ ಮೊದಲು ಕೇಳುವುದು ಇದೇ ನಂಬರನ್ನು.

ನಂಬರ್ ಎಂದರೆ ನಿಜಕ್ಕೂ ಏನು?

ಕಾರ್ಖಾನೆಯವರು ಎಂಜಿನ್ ಮೇಲೆ ನಂಬರ್ ಗುದ್ದುವುದು ಗ್ರಾಹಕರಿಗೆ ವರ್ಷ ತಿಳಿಸಲು ಅಲ್ಲ, ತಮ್ಮ ಲೆಕ್ಕಕ್ಕೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಕ್ಕಳಿಗೆ ಕೊಡುವ ಕ್ರಮಸಂಖ್ಯೆಯಂತೆ ಅದು. ‘ದಾಖಲಾತಿ ಸಂಖ್ಯೆ 6512’ ಎಂದರೆ ಆ ಮಗು 1965ರಲ್ಲಿ ಹುಟ್ಟಿತು ಎಂದು ಯಾರೂ ಹೇಳುವುದಿಲ್ಲ. ಯಾವ ವರ್ಷ ಎಂದು ತಿಳಿಯಲು ಆ ಪುಸ್ತಕವನ್ನೇ ತೆರೆದು ನೋಡಬೇಕು. ಎಂಜಿನ್ ನಂಬರ್ ಕೂಡ ಹಾಗೆಯೇ. ಕಾರ್ಖಾನೆಯ ಪುಸ್ತಕ ಸಿಕ್ಕರೆ ವರ್ಷ ಸಿಗುತ್ತದೆ, ಇಲ್ಲದಿದ್ದರೆ ಅದು ಬರೀ ಸರದಿ.

ಹಾಗಾದರೆ ಈ ಫಾರ್ವರ್ಡ್ ಎಲ್ಲಿಂದ ಹುಟ್ಟಿತು? ಪೂರ್ತಿ ಗಾಳಿಯಿಂದ ಅಲ್ಲ. ಕೆಲವು ಕಂಪನಿಗಳು ಕೆಲವು ಕಾಲದಲ್ಲಿ ನಂಬರ್‌ನೊಳಗೆ ವರ್ಷವನ್ನು ಅಡಗಿಸಿಟ್ಟಿದ್ದು ನಿಜ. ಆದರೆ ಅದು ಅಂಕಿಯ ಲೆಕ್ಕದಷ್ಟು ಸರಳವಲ್ಲ.

ಇಂಗ್ಲೆಂಡಿನ ಟ್ರಯಂಫ್ ಮತ್ತು ಬಿಎಸ್‌ಎ ಕಂಪನಿಗಳನ್ನೇ ನೋಡಿ. 1969ರ ಮಾಡೆಲ್‌ಗಳ ಕಾಲದಿಂದ ಇವು ನಂಬರ್‌ನ ಮುಂದೆ ಎರಡು ಇಂಗ್ಲಿಷ್ ಅಕ್ಷರ ಗುದ್ದುತ್ತಿದ್ದವು. ಮೊದಲ ಅಕ್ಷರ ತಿಂಗಳು, ಎರಡನೆಯದು ವರ್ಷ. ತಿಂಗಳಿಗೆ ಎ ಎಂದರೆ ಜನವರಿ, ಬಿ ಫೆಬ್ರುವರಿ, ಹೀಗೆ ಇ ಎಂದರೆ ಮೇ. ಅಲ್ಲಿಂದ ಮುಂದೆ ಎಫ್ ಬಿಟ್ಟು ಜೂನ್‌ಗೆ ಜಿ, ಜುಲೈಗೆ ಎಚ್, ಆಗಸ್ಟ್‌ಗೆ ಜೆ. ಡಿಸೆಂಬರ್‌ಗೆ ಎಕ್ಸ್! ವರ್ಷಕ್ಕೆ ಸಿ ಎಂದರೆ 1969, ಡಿ ಎಂದರೆ 1970. ಇಲ್ಲಿ ಇನ್ನೊಂದು ತಿರುವಿದೆ. ಅವರ ವರ್ಷ ಶುರುವಾಗುತ್ತಿದ್ದುದು ಜನವರಿಯಲ್ಲಿ ಅಲ್ಲ, ಆಗಸ್ಟ್‌ನಲ್ಲಿ. ಹಾಗಾಗಿ ‘ಜೆಡಿ’ ಎಂದಿರುವ ಎಂಜಿನ್ 1970ರ ಮಾಡೆಲ್, ಆದರೆ ಕಾರ್ಖಾನೆಯಿಂದ ಹೊರಬಂದಿದ್ದು 1969ರ ಆಗಸ್ಟ್‌ನಲ್ಲಿ. ಪಟ್ಟಿ ಕೈಯಲ್ಲಿಲ್ಲದವರು ಇದನ್ನು ಊಹಿಸುವುದು ಅಸಾಧ್ಯ. ಹಾಗೆಂದು ಈ ಪಟ್ಟಿಯನ್ನು ಬುಲೆಟ್‌ಗೋ ಜಾವಾಗೋ ಹಚ್ಚಿದರೆ ಬರುವ ಉತ್ತರಕ್ಕೆ ಅರ್ಥವೇ ಇಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧದ ಕಾಲದ ಬಿಎಸ್‌ಎ ಎಂ20 ಬೈಕ್ ಹಳೇ ಬೈಕ್ ಪ್ರಿಯರಿಗೆ ಚೆನ್ನಾಗಿ ಗೊತ್ತು. ಸೈನ್ಯಕ್ಕಾಗಿ ತಯಾರಾದ ಆ ಎಂಜಿನ್‌ಗಳ ನಂಬರ್ ‘ಡಬ್ಲ್ಯು ಎಂ 20’ ಎಂದು ಶುರುವಾಗುತ್ತದೆ. ಇಲ್ಲಿ 20 ಎಂಬುದು 1920 ಅಲ್ಲ, ಮಾಡೆಲ್‌ನ ಹೆಸರು. ಮುಂದಿನ ‘ಡಬ್ಲ್ಯು’ ಸೈನ್ಯದ ಗುರುತು. ಫಾರ್ವರ್ಡ್ ನಂಬಿದವರು ಆ ಎಂಜಿನ್‌ಗೆ ಸುಮಾರು ಎರಡು ದಶಕ ಹೆಚ್ಚು ವಯಸ್ಸು ಕಟ್ಟಿಬಿಡುತ್ತಾರೆ.

ನಮ್ಮ ದೇಶದಲ್ಲಿ ವಾಹನದ ಗುರುತಿನ ಸಂಖ್ಯೆಯಲ್ಲಿ ತಯಾರಿಕೆಯ ತಿಂಗಳು ತಿಳಿಯುವಂತಿರಬೇಕು ಎಂಬ ನಿಯಮ ಬಂದಿದ್ದು ಕೇಂದ್ರ ಮೋಟಾರು ವಾಹನ ನಿಯಮಗಳ 122ನೇ ನಿಯಮದ ಮೂಲಕ, 1990ರ ದಶಕದಲ್ಲಿ. ಅದಕ್ಕೂ ಹಿಂದಿನ ಗಾಡಿಗಳಿಗೆ ಆ ಕಟ್ಟುಪಾಡೇ ಇರಲಿಲ್ಲ. ಹೊಸ ಗಾಡಿಗಳ ಅಭ್ಯಾಸವನ್ನು ಹಳೇ ಗಾಡಿಗಳ ಮೇಲೆ ಹೇರಿದ್ದೇ ಈ ಫಾರ್ವರ್ಡ್‌ನ ಮೂಲ ತಪ್ಪು.

ಮೈಸೂರಿನ ಜಾವಾ: ಪುಸ್ತಕ ಕಳೆದುಹೋದ ಕಾರ್ಖಾನೆ

ಕರ್ನಾಟಕದಲ್ಲಿ ಹಳೇ ಬೈಕ್ ಎಂದರೆ ಮೊದಲು ನೆನಪಾಗುವುದು ಜಾವಾ ಮತ್ತು ಯೆಜ್ಡಿ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. 1961ರಿಂದ ಅಲ್ಲಿ ಬೈಕ್‌ಗಳು ತಯಾರಾದವು. 1973ರಿಂದ ಅವೇ ಬೈಕ್‌ಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1978ರಲ್ಲಿ ರೋಡ್‌ಕಿಂಗ್ ಬಂತು. 1980ರ ದಶಕದಲ್ಲಿ ಎರಡು ಸಿಲಿಂಡರ್‌ನ 350 ಟ್ವಿನ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಇವತ್ತು ‘ಜಾವಾ’, ‘ಯೆಜ್ಡಿ’ ಹೆಸರಿನಲ್ಲಿ ಓಡಾಡುವ ಹೊಸ ಬೈಕ್‌ಗಳು 2018 ಮತ್ತು 2022ರಲ್ಲಿ ಬೇರೊಂದು ಕಂಪನಿ ತಂದವು. ಹೆಸರು ಅದೇ, ಎಂಜಿನ್ ಬೇರೆ. ಹಾಗಾಗಿ ಹೊಸ ಶೋರೂಮ್‌ಗೆ ಹೋಗಿ ‘ನನ್ನ ತಾತನ ಗಾಡಿ ಯಾವ ವರ್ಷದ್ದು ನೋಡಿ’ ಎಂದು ಕೇಳುವಂತಿಲ್ಲ. ನಂಬರ್ ಹೇಳಿದರೆ ವರ್ಷ ಹೇಳುವ ಮೈಸೂರಿನ ಕಚೇರಿಯೂ ಈಗಿಲ್ಲ.

ಹಾಗಾದರೆ ಬಲ್ಲವರು ಹೇಗೆ ಕಂಡುಹಿಡಿಯುತ್ತಾರೆ? ಹೋಲಿಕೆಯಿಂದ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಒಬ್ಬರ ಬಳಿ ಮೂಲ ಬಿಲ್ ಸಮೇತ ಇರುವ ಬೈಕ್ 1966ರದ್ದು, ಇನ್ನೊಬ್ಬರದು ಅದೇ ಮಾಡೆಲ್, ಬಿಲ್ 1968ರದ್ದು. ನಿಮ್ಮ ಎಂಜಿನ್‌ನ ಕ್ರಮಸಂಖ್ಯೆ ಈ ಎರಡರ ನಡುವೆ ಬಂದರೆ, ಅದು ತಯಾರಾದದ್ದೂ ಹೆಚ್ಚುಕಡಿಮೆ ಆ ಎರಡು ವರ್ಷಗಳ ನಡುವೆ ಎನ್ನಬಹುದು. ಇಂಥ ದಾಖಲೆಯಿರುವ ಬೈಕ್‌ಗಳು ಹೆಚ್ಚಿದಷ್ಟೂ ಊಹೆ ಬಿಗಿಯಾಗುತ್ತದೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ನಡೆಯುವ ಜಾವಾ–ಯೆಜ್ಡಿ ದಿನದಂದು ಬೆಂಗಳೂರಿನಲ್ಲಿ ಮಾಲೀಕರೆಲ್ಲ ಒಂದೆಡೆ ಸೇರುತ್ತಾರೆ. ಅದು ಬರೀ ಹಬ್ಬವಲ್ಲ, ನಂಬರ್ ಹೋಲಿಸಲು ಒಳ್ಳೆಯ ಜಾಗವೂ ಹೌದು.

ಶಾಸನ ಓದುವವರದ್ದೂ ಇದೇ ದಾರಿ. ಹಲ್ಮಿಡಿ ಶಾಸನದ ಮೇಲೆ ಇಸವಿ ಕೊರೆದಿಲ್ಲ. ಅಕ್ಷರಗಳ ರೂಪವನ್ನು ಕಾಲ ಗೊತ್ತಿರುವ ಬೇರೆ ಶಾಸನಗಳ ಜೊತೆ ಹೋಲಿಸಿ, ಅದು ಸುಮಾರು ಕ್ರಿ.ಶ. 450ರದ್ದು ಎಂದು ವಿದ್ವಾಂಸರು ಹೇಳಿದರು. ‘ಸುಮಾರು’ ಎಂಬ ಪದ ಅಲ್ಲಿ ದೌರ್ಬಲ್ಯವಲ್ಲ, ಪ್ರಾಮಾಣಿಕತೆ. ಎಂಜಿನ್ ವಿಷಯದಲ್ಲೂ ‘1966 ಮತ್ತು 1968ರ ನಡುವೆ’ ಎನ್ನುವವರನ್ನು ನಂಬಿ. ನಂಬರ್ ನೋಡಿದ ಕೂಡಲೇ ‘1967ರ ಮಾರ್ಚ್’ ಎನ್ನುವವರ ಬಳಿ ದಾಖಲೆ ಕೇಳಿ.

ಕವರ್ ಮೇಲೆ ‘ಜಾವಾ’ ಎಂದು ಇದೆಯಲ್ಲ?

ಇನ್ನೊಂದು ಜನಪ್ರಿಯ ನಂಬಿಕೆ ಇದು. ‘ಎಂಜಿನ್ ಕವರ್ ಮೇಲೆ ಜಾವಾ ಎಂದಿದ್ದರೆ ಅದು ಖಂಡಿತ 1973ಕ್ಕೂ ಮುಂಚಿನದು.’

ಕವರ್ ಮಟ್ಟಿಗೆ ಇದು ಇರಬಹುದು, ಎಂಜಿನ್ ಮಟ್ಟಿಗೆ ಅಲ್ಲ. ಆ ಕವರ್ ಕೆಲವೇ ಸ್ಕ್ರೂಗಳ ಮೇಲೆ ನಿಂತಿದೆ. ಸ್ಕ್ರೂಡ್ರೈವರ್ ಇದ್ದರೆ ಅರ್ಧ ಗಂಟೆಯೊಳಗೆ ಬದಲಿಸಬಹುದು. ಜಾವಾ 250 ಮತ್ತು ಅದರ ನಂತರ ಬಂದ ಯೆಜ್ಡಿ 250ರ ಎಷ್ಟೋ ಭಾಗಗಳು ಒಂದಕ್ಕೊಂದು ಹೊಂದುತ್ತವೆ. ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಸಿಕ್ಕ ಒಂದು ಕವರ್ ಹಾಕಿದ ಮಾತ್ರಕ್ಕೆ ಯೆಜ್ಡಿ ಎಂಜಿನ್ ಜಾವಾ ಆಗುವುದಿಲ್ಲ. ಸಾಲದ್ದಕ್ಕೆ, ಹಳೇ ಗುರುತನ್ನೇ ಅಚ್ಚು ಹಾಕಿದ ಹೊಸ ಭಾಗಗಳೂ ಈಗ ಮಾರುಕಟ್ಟೆಯಲ್ಲಿವೆ.

ಇಲ್ಲಿ ಒಂದು ನಿಯಮ ನೆನಪಿಟ್ಟುಕೊಳ್ಳಿ. ಉತ್ಖನನ ಮಾಡುವ ಪುರಾತತ್ವಜ್ಞರು ಬಳಸುವ ನಿಯಮವೇ ಇದು. ಒಂದು ಕಟ್ಟಡದ ಅಡಿಪಾಯದೊಳಗೆ ನಾಣ್ಯ ಸಿಕ್ಕರೆ, ಆ ಕಟ್ಟಡ ನಾಣ್ಯಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಎಂಜಿನ್‌ನಲ್ಲೂ ಅಷ್ಟೇ. ಒಳಗಿನ ಹಳೆಯ ಭಾಗವೊಂದು ಎಂಜಿನ್ ಎಷ್ಟು ಹಳೆಯದು ಎಂದು ಸಾಬೀತು ಮಾಡುವುದಿಲ್ಲ. ಎಂದೂ ಬದಲಾಗದ ಭಾಗಗಳ ಪೈಕಿ ಅತ್ಯಂತ ಹೊಸದು ಯಾವುದೋ, ಅದೇ ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಗೆರೆ ಎಳೆಯುತ್ತದೆ.

ಕೆಲವು ಸಣ್ಣ ಗುರುತುಗಳು ಈ ಕೆಲಸದಲ್ಲಿ ನೆರವಾಗುತ್ತವೆ.

• ‘ಮೇಡ್ ಇನ್ ಚೆಕೊಸ್ಲೊವಾಕಿಯಾ’ ಎಂದಿರುವ ಮೂಲ ಭಾಗ 1992ರ ಒಳಗಿನದು. 1993ರ ಜನವರಿ 1ರಂದು ಆ ದೇಶವೇ ಎರಡಾಯಿತು.

• ಡೀಲರ್ ಅಂಟಿಸಿದ ತಗಡು ಅಥವಾ ಸ್ಟಿಕರ್‌ನಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ಪಿನ್‌ಕೋಡ್ ಶುರುವಾಗಿದ್ದೇ ಅಂದು.

• ಪೆಟ್ರೋಲ್‌ಗೆ ಆಯಿಲ್ ಬೆರೆಸುವ ಬದಲು ಪ್ರತ್ಯೇಕ ಆಯಿಲ್ ಪಂಪ್ ಇರುವುದು ಯೆಜ್ಡಿಯ ಆಯಿಲ್‌ಕಿಂಗ್ ಮಾಡೆಲ್‌ನ ಗುರುತು. ಅದು 1960ರ ದಶಕದ ಜಾವಾ ಎಂದು ಯಾರಾದರೂ ಹೇಳಿದರೆ ಪ್ರಶ್ನಿಸಿ.

• ಪಾಯಿಂಟ್ ಬದಲು ಸಿಡಿಐ ಇಗ್ನಿಷನ್ ಇದ್ದರೆ, ಒಂದೋ ಅದು ಕೊನೆಯ ವರ್ಷಗಳ ರೋಡ್‌ಕಿಂಗ್, ಇಲ್ಲವೇ ಯಾರೋ ಆಮೇಲೆ ಕೂರಿಸಿದ್ದು.

• ಬೋಲ್ಟ್‌ಗಳ ಮರೆಯೂ ಮಾತಾಡುತ್ತದೆ. ಜಾವಾ ಯುರೋಪಿನ ವಿನ್ಯಾಸ, ಅದರ ಮರೆ ಮಿಲಿಮೀಟರ್ ಲೆಕ್ಕದ್ದು. ಹಳೇ ಬುಲೆಟ್, ಬಿಎಸ್‌ಎಗಳದ್ದು ಇಂಚಿನ ಲೆಕ್ಕದ ಬ್ರಿಟಿಷ್ ಮರೆ. ಬೋಲ್ಟ್ ಬದಲಾಗಬಹುದು, ಆದರೆ ಕ್ರ್ಯಾಂಕ್‌ಕೇಸ್‌ನೊಳಗಿನ ಮರೆ ಸುಲಭಕ್ಕೆ ಬದಲಾಗುವುದಿಲ್ಲ.

ಬುಲೆಟ್‌ನ ವಿಷಯದಲ್ಲಿ ಕಣ್ಣನ್ನು ಇನ್ನೂ ಕಡಿಮೆ ನಂಬಬೇಕು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗ ಬಂದ ವಿನ್ಯಾಸವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ದಶಕಗಟ್ಟಲೆ ನಡೆಯಿತು. ಇಂಗ್ಲೆಂಡಿನ ಮೂಲ ಕಂಪನಿ 1970ರಲ್ಲಿ ಬೈಕ್ ತಯಾರಿಕೆಯನ್ನೇ ನಿಲ್ಲಿಸಿತು. ಇಲ್ಲಿ ಮಾತ್ರ ಎರಕದ ಕಬ್ಬಿಣದ ಸಿಲಿಂಡರ್‌ನ ಬುಲೆಟ್ 2000ದ ನಂತರವೂ ಬರುತ್ತಿತ್ತು. 1965ರದ್ದನ್ನೂ 1995ರದ್ದನ್ನೂ ಒಂದೇ ಬಣ್ಣ ಬಳಿದು ಪಕ್ಕಪಕ್ಕ ನಿಲ್ಲಿಸಿದರೆ ಸಾಮಾನ್ಯರಿಗೆ ವ್ಯತ್ಯಾಸ ಕಾಣುವುದು ಕಷ್ಟ.

ತುಕ್ಕು, ಸವೆತ, ಕಾರ್ಬನ್ ಡೇಟಿಂಗ್: ಇವು ವಯಸ್ಸು ಹೇಳುತ್ತವೆಯೇ?

ತುಕ್ಕು ಹೇಳುವುದು ಗಾಡಿ ಎಲ್ಲಿ ನಿಂತಿತ್ತು ಎಂಬುದನ್ನು, ಎಷ್ಟು ವರ್ಷ ಎಂಬುದನ್ನಲ್ಲ. ಮಂಗಳೂರಿನ ಕಡಲ ಗಾಳಿಯಲ್ಲಿ ಐದು ವರ್ಷ ನಿಂತ ಎಂಜಿನ್, ಬೆಂಗಳೂರಿನ ಒಣ ಶೆಡ್‌ನಲ್ಲಿ ಮೂವತ್ತು ವರ್ಷ ನಿಂತದ್ದಕ್ಕಿಂತ ಹಳೆಯದಾಗಿ ಕಾಣಬಹುದು. ಉಪ್ಪು ಮತ್ತು ತೇವ ಸೇರಿದರೆ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ.

ಸಿಲಿಂಡರ್‌ನ ಸವೆತವೂ ಹಾಗೆಯೇ. ಜಾವಾ 250ರ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಸವೆದಾಗ ಕಾಮಾಕ್ಷಿಪಾಳ್ಯದಲ್ಲೋ ಪೀಣ್ಯದಲ್ಲೋ ಲೇಥ್ ಅಂಗಡಿಗೆ ಕೊಟ್ಟು ಬೋರ್ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸುತ್ತಾರೆ. ಆ ಅಳತೆಯನ್ನು ಪಿಸ್ಟನ್ ತಲೆಯ ಮೇಲೆ ಗುದ್ದಿರುತ್ತಾರೆ. ಅದರಿಂದ ಎಂಜಿನ್ ಎಷ್ಟು ದುಡಿದಿದೆ ಎಂದು ತಿಳಿಯಬಹುದು. ‘ಒರಿಜಿನಲ್ ಅಳತೆಯಲ್ಲೇ ಇದೆ’ ಎಂದರೆ ಹೊಸದು ಎಂದಲ್ಲ. ಕಡಿಮೆ ಓಡಿರಬಹುದು, ಅಥವಾ ಸಿಲಿಂಡರ್ ಬ್ಲಾಕನ್ನೇ ಬದಲಿಸಿರಬಹುದು.

‘ಲ್ಯಾಬ್‌ಗೆ ಕೊಟ್ಟು ಕಾರ್ಬನ್ ಡೇಟಿಂಗ್ ಮಾಡಿಸಿ’ ಎಂದು ಸಲಹೆ ಕೊಡುವವರೂ ಇದ್ದಾರೆ. ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾರ್ಬನ್ ಡೇಟಿಂಗ್ ಒಮ್ಮೆ ಜೀವವಿದ್ದ ವಸ್ತುಗಳಿಗೆ: ಮರ, ಮೂಳೆ, ಬಟ್ಟೆ, ಕಾಳು. ಕಾರ್ಬನ್-14 ಅರ್ಧದಷ್ಟಾಗಲು ಸುಮಾರು 5,730 ವರ್ಷ ಬೇಕು. ಐವತ್ತು ಅರವತ್ತು ವರ್ಷದಲ್ಲಿ ಅದು ಬದಲಾಗುವುದು ಶೇಕಡಾ ಒಂದಕ್ಕೂ ಕಡಿಮೆ. ಅಲ್ಯುಮಿನಿಯಂ ಕ್ರ್ಯಾಂಕ್‌ಕೇಸ್‌ನಲ್ಲಿ ಅಳೆಯಲು ಅಂಥ ಕಾರ್ಬನ್ ಇರುವುದೇ ಇಲ್ಲ. ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಸಿ ಕರಗಿಸಿದ ಕಬ್ಬಿಣದಲ್ಲಿ ಇರುವ ಕಾರ್ಬನ್ ಆ ಕಲ್ಲಿದ್ದಲಿನದ್ದು. ಅದು ಕೋಟ್ಯಂತರ ವರ್ಷ ಹಳೆಯದು. ನಿಮ್ಮ ಬೈಕ್ ಲೆಕ್ಕಕ್ಕೇ ಸಿಗದಷ್ಟು ಹಳೆಯದು ಎಂಬ ಉತ್ತರ ಬಂದರೆ ಯಾರಿಗೆ ಪ್ರಯೋಜನ?

ನಂಬರ್ ಉಜ್ಜಿದರೂ ಲೋಹ ಮರೆಯುವುದಿಲ್ಲ

ವಂಚಕರು ಸಾಮಾನ್ಯವಾಗಿ ಮಾಡುವುದು ಇದು: ಹಳೇ ನಂಬರನ್ನು ಉಜ್ಜಿ ಅಳಿಸಿ, ಆರ್‌ಸಿಗೆ ಹೊಂದುವ ನಂಬರನ್ನು ಹೊಸದಾಗಿ ಗುದ್ದುವುದು. ಇದನ್ನು ಪತ್ತೆ ಹಚ್ಚುವ ವಿಜ್ಞಾನ ಬಹಳ ಸರಳ ತತ್ವದ ಮೇಲೆ ನಿಂತಿದೆ.

ನೋಟ್‌ಬುಕ್‌ನ ಮೇಲಿನ ಹಾಳೆಯಲ್ಲಿ ಬಾಲ್‌ಪೆನ್ ಒತ್ತಿ ಬರೆದು, ಆ ಹಾಳೆ ಹರಿದು ಹಾಕಿ. ಕೆಳಗಿನ ಹಾಳೆಯಲ್ಲಿ ಅಕ್ಷರದ ಒತ್ತು ಉಳಿದಿರುತ್ತದೆ. ಪೆನ್ಸಿಲ್ ಸವರಿದರೆ ಓದಬಹುದು. ಲೋಹದ ಮೇಲೆ ಅಂಕಿ ಗುದ್ದಿದಾಗಲೂ ಹೀಗೆಯೇ ಆಗುತ್ತದೆ. ಕಣ್ಣಿಗೆ ಕಾಣುವ ಗುಳಿಯ ಕೆಳಗೂ ಲೋಹದ ಹರಳುಗಳು ಒತ್ತಿ ಜರುಗಿರುತ್ತವೆ. ಗುಳಿ ಸವೆಯುವವರೆಗೆ ಉಜ್ಜಿದರೂ ಆ ಒತ್ತಿದ ಪದರ ಉಳಿಯುತ್ತದೆ. ಅದರ ಮೇಲೆ ತಕ್ಕ ರಾಸಾಯನಿಕ ಹಾಕಿದರೆ ಒತ್ತಿದ ಜಾಗ ಮತ್ತು ಒತ್ತದ ಜಾಗ ಬೇರೆ ಬೇರೆ ರೀತಿ ಕರಗಿ, ಅಳಿಸಿಹೋದ ಅಂಕಿ ಮಸುಕಾಗಿ ಮೇಲೇಳುತ್ತದೆ. ಉಕ್ಕಿಗೆ ಒಂದು ಬಗೆಯ ರಾಸಾಯನಿಕ, ಅಲ್ಯುಮಿನಿಯಂಗೆ ಬೇರೆ ಬಗೆಯದು. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಕದ್ದ ವಾಹನಗಳ ನಂಬರ್ ಪತ್ತೆಗೆ ಬಳಸುವುದು ಇದೇ ತಂತ್ರ. ತುಂಬಾ ಆಳಕ್ಕೆ ಉಜ್ಜಿದ್ದರೆ ಅಥವಾ ವೆಲ್ಡ್ ಮಾಡಿದ್ದರೆ ಮಾತ್ರ ಅದು ಸೋಲಬಹುದು.

ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ. ಆ್ಯಸಿಡ್ ಕೈ ಸುಡುತ್ತದೆ. ಜೊತೆಗೆ ಪೊಲೀಸರು ನೋಡಬೇಕಾದ ಸಾಕ್ಷಿ ನಿಮ್ಮ ಕೈಯಿಂದಲೇ ಹಾಳಾಗುತ್ತದೆ. ನಿಮ್ಮ ಕೆಲಸ ಕಣ್ಣಿನದ್ದು ಮತ್ತು ಬೆರಳಿನದ್ದು. ನಂಬರ್ ಇರುವ ಜಾಗದ ಮೇಲ್ಮೈ ಸುತ್ತಲಿನ ಎರಕದಷ್ಟೇ ಒರಟಾಗಿದೆಯೇ, ಅಥವಾ ಅಲ್ಲಿ ಮಾತ್ರ ನುಣ್ಣಗೆ, ತಗ್ಗಾಗಿ ಇದೆಯೇ? ಉಜ್ಜಿದ ಗೀರುಗಳು ಅಂಕಿಯ ಕೆಳಗೆ ಹಾದುಹೋಗಿವೆಯೇ? ಒಂದೇ ಅಂಕಿ ಎರಡು ಕಡೆ ಬಂದಿದ್ದರೆ ಎರಡರ ಆಕಾರವೂ ಒಂದೇ ಇದೆಯೇ?

ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ‘ಅಂಕಿಗಳು ಸೊಟ್ಟಗಿವೆ, ಆದ್ದರಿಂದ ಡೂಪ್ಲಿಕೇಟ್’ ಎನ್ನುತ್ತಾರೆ. ಹಳೇ ಕಾಲದಲ್ಲಿ ಅಂಕಿಗಳನ್ನು ಒಂದೊಂದಾಗಿ ಕೈಯಿಂದ, ಸುತ್ತಿಗೆ ಹಿಡಿದು ಗುದ್ದುವುದು ಸಾಮಾನ್ಯವಾಗಿತ್ತು. ಸ್ವಲ್ಪ ಸೊಟ್ಟ, ಸ್ವಲ್ಪ ಮೇಲೆ ಕೆಳಗೆ ಆಗುವುದು ಸಹಜ. ಅರವತ್ತು ವರ್ಷದ ಎಂಜಿನ್ ಮೇಲೆ ಇವತ್ತಿನ ಯಂತ್ರದಲ್ಲಿ ಕೊರೆದಂತೆ ಅಚ್ಚುಕಟ್ಟಾದ ಅಂಕಿ ಇದ್ದರೇ ಹೆಚ್ಚು ಅನುಮಾನ ಪಡಬೇಕು.

ನಂಬರ್ ಬೇರೆ ಇದೆ ಎಂದ ಮಾತ್ರಕ್ಕೆ ಕಳ್ಳತನ ಎಂದೂ ಅಲ್ಲ. ಒಡೆದ ಕ್ರ್ಯಾಂಕ್‌ಕೇಸ್ ಬದಲಿಗೆ ಬೇರೆಯದನ್ನು ಹಾಕಿಸಿಕೊಂಡವರು ಇದ್ದಾರೆ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ನಮೂದಾಗಿದ್ದರೆ ಚಿಂತೆಯಿಲ್ಲ. ನಮೂದಾಗದಿದ್ದರೆ ಆ ಹೊಣೆ ಕೊನೆಗೆ ನಿಮ್ಮ ತಲೆಗೇ ಬರುತ್ತದೆ.

ಕಾಗದ ಏನು ಹೇಳುತ್ತದೆ?

ನಂಬರ್ ಪ್ಲೇಟ್‌ನಿಂದ ಶುರು ಮಾಡೋಣ. ರಾಜಾಜಿನಗರ ಆರ್‌ಟಿಒದ ಕೆಎ-02, ಜ್ಞಾನಭಾರತಿಯ ಕೆಎ-41 ಪಶ್ಚಿಮ ಬೆಂಗಳೂರಿನಲ್ಲಿ ದಿನವೂ ಕಾಣುವ ಪ್ಲೇಟ್‌ಗಳು. ‘ಕೆಎ’ ಎಂಬ ಪದ್ಧತಿ ಬಂದಿದ್ದು 1988ರ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಯಾದ ಮೇಲೆ. ಅದಕ್ಕೂ ಹಿಂದಿನ ಮೈಸೂರು ರಾಜ್ಯದ ಕಾಲದ ಗಾಡಿಗಳಲ್ಲಿ ‘ಎಂವೈ’ಯಿಂದ ಶುರುವಾಗುವ ನಂಬರ್‌ಗಳಿದ್ದವು. ಹಾಗಾಗಿ ‘1968ರಿಂದ ಇಲ್ಲೇ ಇರುವ ಗಾಡಿ’ ಎಂದು ಹೇಳಿ ಕೆಎ-02 ಪ್ಲೇಟ್ ತೋರಿಸಿದರೆ ‘ಹಳೇ ನಂಬರ್ ಯಾವುದಿತ್ತು?’ ಎಂದು ಕೇಳಲೇಬೇಕು. ಬೇರೆ ರಾಜ್ಯದಿಂದ ಬಂದು ಮರುನೋಂದಣಿ ಆಗಿರಬಹುದು. ಆಗ ಅದರ ಕಾಗದ ಇರಬೇಕು.

ಆರ್‌ಸಿಯಲ್ಲಿ ತಯಾರಿಕೆಯ ವರ್ಷ ಮತ್ತು ನೋಂದಣಿ ದಿನಾಂಕ ಎರಡೂ ಇರುತ್ತವೆ. ಇವು ಒಂದೇ ಅಲ್ಲ. ಡಿಸೆಂಬರ್‌ನಲ್ಲಿ ತಯಾರಾದ ಬೈಕ್ ಮುಂದಿನ ವರ್ಷ ಮಾರಾಟವಾಗಿರಬಹುದು. ಹಳೇ ಕೈಬರಹದ ಪುಸ್ತಕದಿಂದ ಸ್ಮಾರ್ಟ್‌ಕಾರ್ಡ್‌ಗೆ ಇಳಿಸುವಾಗ ಒಂದಂಕಿ ತಪ್ಪಿದರೂ ಆ ತಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಹಳೇ ಗಾಡಿಗೆ ಆರ್‌ಟಿಒದಿಂದ ‘ಬಿ ಎಕ್ಸ್‌ಟ್ರಾಕ್ಟ್’ ಪಡೆಯುವುದು ಒಳ್ಳೆಯದು. ಅದು ಆರ್‌ಟಿಒದ ದಾಖಲೆಯಿಂದ ತೆಗೆದುಕೊಡುವ ವಿವರ. ಮಾಲೀಕರು ಯಾರು, ಚಾಸಿಸ್ ಮತ್ತು ಎಂಜಿನ್ ನಂಬರ್ ಏನು, ಸಾಲ ಬಾಕಿ ಇದೆಯೇ ಎಂಬುದು ಅದರಿಂದ ತಿಳಿಯುತ್ತದೆ.

ಫಾರ್ವರ್ಡ್‌ನ ಕೊನೆಯ ಸಾಲು ‘50 ವರ್ಷ ದಾಟಿದರೆ ಲಕ್ಷ ಲಕ್ಷ’. ಇದಕ್ಕೂ ಒಂದು ಹಿನ್ನೆಲೆ ಇದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷಕ್ಕಿಂತ ಹಳೆಯ, ಮೂಲ ರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸದಾಗಿ ನೋಂದಾಯಿಸಿದರೆ ನಂಬರ್‌ನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ನಿಗದಿ ಮಾಡಿದರು. ನೋಂದಣಿ 10 ವರ್ಷ ನಡೆಯುತ್ತದೆ. ಆದರೆ ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಇಂಧನ ತುಂಬಿಸಲು ಹೋಗುವಂಥ ಕೆಲಸಗಳಿಗೆ ಮಾತ್ರ.

ಇಲ್ಲಿ ಗಮನಿಸಬೇಕಾದ್ದು ಎರಡು. ಒಂದು, ಈ ನಿಯಮದಲ್ಲಿ 50 ವರ್ಷವನ್ನು ಎಣಿಸುವುದು ಮೊದಲ ನೋಂದಣಿಯ ದಿನಾಂಕದಿಂದ, ಎಂಜಿನ್ ಮೇಲಿನ ಅಂಕಿಯಿಂದ ಅಲ್ಲ. ಎರಡು, ಚಾಸಿಸ್, ಬಾಡಿ ಅಥವಾ ಎಂಜಿನ್ ಅನ್ನು ಗಣನೀಯವಾಗಿ ಬದಲಿಸಿದ್ದರೆ ಅದು ವಿಂಟೇಜ್ ಆಗುವುದಿಲ್ಲ. ಅಂದರೆ ಹಳೇ ಚಾಸಿಸ್‌ಗೆ ಎಲ್ಲಿಂದಲೋ ತಂದ ಎಂಜಿನ್ ಜೋಡಿಸಿದ ಗಾಡಿಗೆ, ಬೆಲೆ ಹೆಚ್ಚಿಸಬೇಕಿದ್ದ ವಯಸ್ಸೇ ಉಪಯೋಗಕ್ಕೆ ಬರುವುದಿಲ್ಲ.

ಕೊಳ್ಳುವ ಮುನ್ನ ಏನು ಮಾಡಬೇಕು?

1. ಎಂಜಿನ್ ನಂಬರ್ ಮತ್ತು ಚಾಸಿಸ್ ನಂಬರ್ ಎರಡನ್ನೂ ನೀವೇ ಒರೆಸಿ ಓದಿ. ಮಾರುವವರು ಕಳಿಸಿದ ಫೋಟೊ ಸಾಲದು. ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ.

2. ಆ ಎರಡನ್ನೂ ಆರ್‌ಸಿ ಮತ್ತು ಬಿ ಎಕ್ಸ್‌ಟ್ರಾಕ್ಟ್ ಜೊತೆ ಒಂದೊಂದೇ ಅಂಕಿ ಹೋಲಿಸಿ.

3. ಮಾಡೆಲ್ ಮತ್ತು ವರ್ಷ ಹೊಂದುತ್ತದೆಯೇ ನೋಡಿ. 1978ಕ್ಕೂ ಹಿಂದಿನ ರೋಡ್‌ಕಿಂಗ್, 1961ಕ್ಕೂ ಹಿಂದಿನ ಮೈಸೂರು ಜಾವಾ ಇರಲು ಸಾಧ್ಯವಿಲ್ಲ.

4. ಅದೇ ಮಾಡೆಲ್‌ನ, ಕಾಗದ ಸರಿಯಿರುವ ಬೇರೆ ಗಾಡಿಗಳ ನಂಬರ್ ಜೊತೆ ಹೋಲಿಸಿ. ಆ ಬೈಕ್‌ಗಳನ್ನೇ ಬಿಚ್ಚಿ ಜೋಡಿಸಿ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.

5. ನಂಬರ್ ಉಜ್ಜಿದಂತೆ ಕಂಡರೆ ಚೌಕಾಸಿ ಮಾಡಬೇಡಿ, ಕೈಬಿಡಿ. ಬೆಲೆ ಎಷ್ಟು ಇಳಿದರೂ ಕೇಸು ಇಳಿಯುವುದಿಲ್ಲ.

ಮನೆಯಲ್ಲೇ ತಾತನದ್ದೋ ಅಪ್ಪನದ್ದೋ ಗಾಡಿ ಇರುವವರು ಇನ್ನೊಂದು ಕೆಲಸ ಮಾಡಿ. ಹಳೇ ಟ್ರಂಕ್, ಕಪಾಟು ಹುಡುಕಿ. ಮೊದಲ ಬಿಲ್, ತೆರಿಗೆ ಕಟ್ಟಿದ ರಸೀದಿ, ವಿಮೆ ಕಾಗದ, ಬೈಕ್ ಪಕ್ಕ ನಿಂತು ತೆಗೆಸಿಕೊಂಡ ಕಪ್ಪುಬಿಳುಪು ಫೋಟೊ ಯಾವುದು ಸಿಕ್ಕರೂ ಎತ್ತಿಡಿ. ಹಳೇ ಕಾಗದವನ್ನು ಹೊರೆ ಎಂದು ರದ್ದಿಗೆ ಹಾಕಿದ ಮೇಲೆ ಆ ಮಾಹಿತಿಯನ್ನು ಯಾವ ಆ್ಯಪ್ ಕೂಡ ವಾಪಸ್ ತರುವುದಿಲ್ಲ.

ಕೊನೆಯದಾಗಿ, ಎಂಜಿನ್ ನಂಬರ್, ಚಾಸಿಸ್ ನಂಬರ್, ಆರ್‌ಸಿಯ ಫೋಟೊಗಳನ್ನು ‘ವರ್ಷ ಹೇಳಿ ಪ್ಲೀಸ್’ ಎಂದು ಗೊತ್ತಿಲ್ಲದವರ ಗುಂಪಿಗೆ ಹಾಕಬೇಡಿ. ಅದೇ ವಿವರ ನಕಲಿ ದಾಖಲೆ ಮಾಡುವವರಿಗೂ ಬೇಕಾಗಿರುವುದು. ‘ಮೊದಲ ಎರಡು ಅಂಕಿ’ ಎಂಬ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಯಾವ ಕಂಪನಿ, ಯಾವ ಕಾಲದ್ದು?’ ಅದಕ್ಕೆ ಉತ್ತರವಿಲ್ಲದ ಸೂತ್ರ ಯಾವ ಎಂಜಿನ್‌ಗೂ ಅನ್ವಯಿಸುವುದಿಲ್ಲ.